ಓದುಗರ ಪ್ರಶ್ನೆ: ಸಂಘದ ರೊಕ್ಕ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನಮ್ಮದು 15 ಜನರ ಮಹಿಳಾ ಸ್ವಸಹಾಯ ಸಂಘ. ಶುರುವಾದಾಗಿನಿಂದ ಒಬ್ಬರೇ ಅಧ್ಯಕ್ಷೆ. ರೊಕ್ಕ ಇಟ್ಟುಕೊಳ್ಳುವವರೂ ಪುಸ್ತಕ ಬರೆಯುವವರೂ ಅವರೇ. ಕೇಳಿದರೆ ‘ನನ್ನ ಮೇಲೆ ನಂಬಿಕೆ ಇಲ್ಲೇನು?’ ಅನ್ನುತ್ತಾರೆ. ಜಗಳವಾಗದಂತೆ ಬದಲಿಸುವುದು ಹೇಗೆ?
– ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಅಧ್ಯಕ್ಷೆಯನ್ನು ಇಳಿಸುವ ಮಾತು ಮೊದಲೇ ಎತ್ತಬೇಡಿ, ಕೆಲಸ ಹಂಚುವ ಮಾತು ಎತ್ತಿ. ರೊಕ್ಕ ಹಿಡಿಯುವವರು, ಬರೆಯುವವರು, ತಾಳೆ ನೋಡುವವರು ಬೇರೆ ಬೇರೆಯಾದರೆ ಅಧ್ಯಕ್ಷೆ ಯಾರಿದ್ದರೂ ಸಂಘ ನಡೆಯುತ್ತದೆ. ತಾಳೆ ನೋಡುವ ಕೆಲಸವನ್ನು ಸಭೆಗೊಬ್ಬರಂತೆ ಸರದಿಗೆ ಬಿಡಿ. ಓದು ಬಾರದವರೂ ನೋಟು ಎಣಿಸಬಲ್ಲರು.

ಸಭೆ ಮುಗಿಯುವ ಮುನ್ನ ಲೆಕ್ಕವನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಉದಾಹರಣೆಗೆ: ಹಿಂದಿನ ವಾರದ ಕೈನಗದು 400, ಈ ವಾರದ ಉಳಿತಾಯ ತಲಾ 50ರಂತೆ 750, ಸಾಲದ ಕಂತು 2,600, ಬಡ್ಡಿ 250, ಒಟ್ಟು 4,000. ಸದಸ್ಯೆಗೆ ಕೊಟ್ಟ ಸಾಲ 3,000, ಬ್ಯಾಂಕಿಗೆ ಕಟ್ಟುವುದು 800. ಪೆಟ್ಟಿಗೆಯಲ್ಲಿ 200 ಉಳಿಯಬೇಕು. ಅಲ್ಲೇ ಎಣಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿ. ‘ಮನೆಗೆ ಹೋಗಿ ಬರೆಯುತ್ತೇನೆ’ ಎಂದು ಚೀಟಿಯಲ್ಲಿ ಗುರುತು ಹಾಕಿಕೊಂಡ ಲೆಕ್ಕವೇ ಸಾಮಾನ್ಯವಾಗಿ ತಪ್ಪುವುದು. ಅಲ್ಲಿ ಮೋಸಕ್ಕಿಂತ ಮರೆವು ಹೆಚ್ಚು.

ಇದು ರೂಢಿಯಾದ ಮೇಲೆ ಪದಾಧಿಕಾರಿಗಳನ್ನು ಬದಲಿಸಿ, ಆದರೆ ಎಲ್ಲರನ್ನೂ ಒಂದೇ ದಿನ ಬೇಡ. ಒಬ್ಬರು ಬದಲಾಗಿ ಆರು ತಿಂಗಳಾದ ಮೇಲೆ ಇನ್ನೊಬ್ಬರು ಬದಲಾಗಲಿ, ಹಳಬರಿಂದ ಪುಸ್ತಕದ ಕೆಲಸ ಕಲಿಯಲು ಸಮಯ ಸಿಗುತ್ತದೆ. ಠರಾವಿನ ಪ್ರತಿ, ಹೊಸಬರ ಆಧಾರ್ ಮತ್ತು ಫೋಟೊ ಬ್ಯಾಂಕಿಗೆ ಕೊಟ್ಟು ಸಹಿಯ ಮಾದರಿ ಬದಲಿಸುವುದನ್ನು ಮರೆತರೆ ಸಂಘದಲ್ಲಿ ಹೊಸ ಅಧ್ಯಕ್ಷೆ, ಬ್ಯಾಂಕಿನಲ್ಲಿ ಹಳೆಯ ಅಧ್ಯಕ್ಷೆ! ರೊಕ್ಕ ತೆಗೆಯಲು ಮತ್ತೆ ಹಳಬರ ಮನೆಗೇ ಹೋಗಬೇಕಾಗುತ್ತದೆ.

ಪ್ರಶ್ನೆ: ಖಾತೆಗೆ ಸಹಿ ಮಾಡುವ ಇಬ್ಬರಲ್ಲಿ ಒಬ್ಬರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಖಾಲಿ ಚೆಕ್ಕಿಗೆ ಸಹಿ ಹಾಕಿಸಿಟ್ಟುಕೊಳ್ಳಬಹುದೆ?
– ಓದುಗರು, ಲಿಂಗಸುಗೂರು

ಉತ್ತರ: ಖಂಡಿತ ಬೇಡ. ಸಹಿಯಾದ ಖಾಲಿ ಚೆಕ್ ಇದ್ದರೆ ಜಂಟಿ ಸಹಿಗೆ ಅರ್ಥವೇ ಇಲ್ಲ. ಮೂವರ ಹೆಸರು ಕೊಟ್ಟು ‘ಯಾರಾದರೂ ಇಬ್ಬರ ಸಹಿ’ ಎಂದು ಠರಾವು ಮಾಡಿ. ಮೂವರಲ್ಲಿ ಇಬ್ಬರಾದರೂ ವರ್ಷವಿಡೀ ಊರಲ್ಲಿರುವವರಾಗಿರಲಿ, ಒಂದೇ ಮನೆಯವರು ಬೇಡ.

ಪ್ರಶ್ನೆ: ಸದಸ್ಯೆಯೊಬ್ಬರು ಬ್ಯಾಂಕ್ ಸಾಲದ ಕಂತು ಕಟ್ಟದಿದ್ದರೆ ಅಧ್ಯಕ್ಷೆಯೇ ಕಟ್ಟಬೇಕೆ?
– ಓದುಗರು, ಸಿಂಧನೂರು

ಉತ್ತರ: ಇಲ್ಲ. ಸಾಲ ಸಂಘದ ಹೆಸರಿನಲ್ಲಿದೆ, ಒಪ್ಪಂದಕ್ಕೆ ಎಲ್ಲರೂ ಸಹಿ ಹಾಕಿರುತ್ತೀರಿ, ಹೊಣೆಯೂ ಎಲ್ಲರದು. ಕಂತು ತಪ್ಪಿದ ವಾರವೇ ಸಭೆಯಲ್ಲಿ ಕಾರಣ ಕೇಳಿ. ನಾಟಿ, ಕೊಯ್ಲಿನ ಕೂಲಿ ಕೈಗೆ ಬರುವ ತಿಂಗಳಿಗೆ ಕಂತು ಹೊಂದಿಸಿ ಠರಾವು ಬರೆಯಿರಿ. ಅಲ್ಲಿಯವರೆಗೆ ಬ್ಯಾಂಕಿನ ಕಂತನ್ನು ಸಂಘದ ಉಳಿತಾಯದಿಂದ ತುಂಬಿ, ಆ ಮೊತ್ತವನ್ನು ಅವರ ಹೆಸರಿನಲ್ಲೇ ಸಾಲವೆಂದು ಬರೆದುಕೊಳ್ಳಿ.