ಊರು ಬಿಟ್ಟ ಮೇಲೆ ಕರ್ನಾಟಕದ ಮೇಲಿನ ಪ್ರೀತಿ ಜಾಸ್ತಿ ಆಗುವುದು ಯಾಕೆ?

ಇಲ್ಲೇ ಇದ್ದಾಗ ಅದು ಕಣ್ಣಿಗೇ ಬೀಳುವುದಿಲ್ಲ, ಅದಕ್ಕೆ. ನಾನು ಬೆಳೆದದ್ದು ಬೆಂಗಳೂರಿನ ಬಸವನಗುಡಿಯಲ್ಲಿ. ನವೆಂಬರ್ 1 ಅಂದರೆ ನನಗೆ ಬರೀ ರಜೆ. 1956ರಲ್ಲಿ ರಾಜ್ಯ ಒಂದಾಯಿತು, 1973ರಲ್ಲಿ ಕರ್ನಾಟಕ ಅಂತ ಹೆಸರಾಯಿತು ಅನ್ನುವುದೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು, ಅಷ್ಟೇ.

ಕೆಲಸಕ್ಕೆ ಅಂತ ಮುಂಬೈಗೆ ಹೋದೆ. ಒಂದು ಸಂಜೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಪಕ್ಕಕ್ಕೆ ಕೆಎ ನಂಬರಿನ ಕೆಂಪು ಬಸ್ ಬಂತು. ಧೂಳು ಹಿಡಿದ ಬೋರ್ಡಿನಲ್ಲಿ ಕನ್ನಡದಲ್ಲಿ ‘ವಿಜಯಪುರ’. ನಾನು ವಿಜಯಪುರ ನೋಡಿದವನೇ ಅಲ್ಲ! ಆದರೂ ಹಸಿರು ದೀಪ ಬರುವ ತನಕ ಸುಮ್ನೆ ಅದನ್ನೇ ಓದುತ್ತಾ ನಿಂತಿದ್ದೆ. ಬೆಂಗಳೂರಿನ ಹುಡುಗನಿಗೆ ಇಡೀ ರಾಜ್ಯ ನಂದು ಅಂತ ಅನ್ನಿಸಿದ್ದು ಅವತ್ತೇ.

ಆಮೇಲೆ ಭಾನುವಾರ ಬಂದರೆ ಮುಂಬೈನಲ್ಲೇ ಇರುವ ಮಾಟುಂಗಾಕ್ಕೆ ಓಟ. ಅಲ್ಲಿ ಮೈಸೂರು ಅಸೋಸಿಯೇಷನ್ ಅನ್ನುವ ಕನ್ನಡಿಗರ ಸಂಘ 1926ರಿಂದ ಇದೆ. ನಮಗಿಂತ ಮೊದಲು ಹೋದವರಿಗೂ ಇದೇ ಹಸಿವು ಇತ್ತು ಅಂತ ಆಯಿತು, ಅಲ್ವಾ? ಹುಳಿಗೆ ಬೆಲ್ಲ ಜಾಸ್ತಿ ಅಂತ ಅಮ್ಮನ ಹತ್ತಿರ ದಿನಾ ಜಗಳ ಆಡುತ್ತಿದ್ದವನು, ಅಲ್ಲಿ ಅದೇ ರುಚಿ ಹುಡುಕಿಕೊಂಡು ಹೋಟೆಲ್ ಹೋಟೆಲ್ ಅಲೆದೆ.

ವಾಪಸ್ ಬಂದು ಎರಡು ವರ್ಷ ಆಯಿತು. ಮೊನ್ನೆ ಬೆಲ್ಲದ ಜಗಳ ಮತ್ತೆ ಶುರುವಾಗಿದೆ.