ಹೊಟ್ಟೆ ಹೊಲಿಯದೆ ಐಸಿಯುಗೆ ಕಳಿಸಿದ್ದೇಕೆ?

ಪ್ರಶ್ನೆ: ಬೈಕ್ ಅಪಘಾತದಲ್ಲಿ ತಮ್ಮನ ಲಿವರ್ ಸೀಳಿ, ಕರುಳು ಹರಿದಿತ್ತು. ಒಂದೇ ಗಂಟೆಯಲ್ಲಿ ಆಪರೇಷನ್ ಮುಗಿಸಿ, ಹೊಟ್ಟೆಗೆ ಹೊಲಿಗೆ ಹಾಕದೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಐಸಿಯುಗೆ ತಂದರು. ‘ಒಳಗೆ ಬಟ್ಟೆ ಬಿಟ್ಟಿದ್ದೇವೆ, ನಾಡಿದ್ದು ಮತ್ತೆ ತೆಗೀತೀವಿ’ ಎಂದರು. ಮುರಿದ ತೊಡೆಗೂ ಹೊರಗಿನಿಂದ ರಾಡ್ ಅಷ್ಟೇ. ಇದು ಅರ್ಧಂಬರ್ಧ ಕೆಲಸವಲ್ಲವೇ?
– ಓದುಗರೊಬ್ಬರು, ಹಾಸನ

ಉತ್ತರ: ಅರ್ಧಕ್ಕೆ ನಿಲ್ಲಿಸಿದ್ದು ನಿಜ, ಬೇಕೆಂದೇ ನಿಲ್ಲಿಸಿದ್ದು. ಇದಕ್ಕೆ ‘ಡ್ಯಾಮೇಜ್ ಕಂಟ್ರೋಲ್ ಸರ್ಜರಿ’ ಎನ್ನುತ್ತಾರೆ. 1993ರಲ್ಲಿ ಫಿಲಡೆಲ್ಫಿಯಾದ ಸರ್ಜನ್‌ಗಳು ನೌಕಾಪಡೆಯಿಂದ ಎರವಲು ತಂದ ಹೆಸರು: ತೂತುಬಿದ್ದ ಹಡಗು ಮೊದಲು ದಡ ಸೇರಲಿ, ರಿಪೇರಿ ಆಮೇಲೆ.

ವಿಪರೀತ ರಕ್ತ ಹೋದಾಗ ಮೈ ತಣ್ಣಗಾಗುತ್ತದೆ, ರಕ್ತದಲ್ಲಿ ಆಮ್ಲ ಏರುತ್ತದೆ, ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಒಂದು ಇನ್ನೊಂದನ್ನು ಕೆಡಿಸುತ್ತ ಹೋಗುತ್ತದೆ. ಮೈ ಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ, ಪಿಎಚ್ (ಆಮ್ಲ ಏರಿದಷ್ಟೂ ಇಳಿಯುವ ಅಳತೆ) 7.2ಕ್ಕಿಂತ ಇಳಿದು, ಸೂಜಿ ಚುಚ್ಚಿದಲ್ಲೆಲ್ಲ ರಕ್ತ ಜಿನುಗತೊಡಗಿದ ಮೇಲೂ ಮೂರು ಗಂಟೆ ನಿಂತು ಕರುಳು ಜೋಡಿಸಿದರೆ ಹೊಲಿಗೆ ಉಳಿದೀತು, ರೋಗಿ ಉಳಿಯುವುದಿಲ್ಲ.

ಹಾಗಾಗಿ ಮೊದಲ ಸಲ ಎರಡೇ ಕೆಲಸ: ರಕ್ತ ನಿಲ್ಲಿಸುವುದು, ಮಲ ಸೋರದಂತೆ ತಡೆಯುವುದು. ಸೀಳಿದ ಲಿವರನ್ನು ಎರಡು ಅಂಗೈ ನಡುವೆ ಅದುಮಿ ಹಿಡಿದಂತೆ ಮೇಲೂ ಕೆಳಗೂ ಮಾಪ್ (ರಕ್ತ ಹೀರುವ ದಪ್ಪ ಬಟ್ಟೆ) ಇಡುತ್ತಾರೆ. ತೀರಾ ಬಿಗಿದರೆ ಹಿಂದಿನ ದೊಡ್ಡ ರಕ್ತನಾಳ ಒತ್ತಿಹೋಗಿ ಹೃದಯಕ್ಕೆ ರಕ್ತವೇ ಮರಳದು. ಕರುಳಿನ ಹರಿದ ತುದಿಗಳನ್ನು ಕಟ್ಟಿ ಬಿಡುತ್ತಾರೆ. ಊದಿಕೊಂಡ ಕರುಳನ್ನು ಒಳಗೆ ತುರುಕಿ ಹೊಲಿದರೆ ಒತ್ತಡ ಏರಿ ಮೂತ್ರ ನಿಲ್ಲುತ್ತದೆ, ಉಸಿರು ಕಟ್ಟುತ್ತದೆ. ಪ್ಲಾಸ್ಟಿಕ್ ಹಾಳೆ ಅದಕ್ಕೇ. ತೊಡೆಯೂ ಅಷ್ಟೆ: ಈ ಸ್ಥಿತಿಯಲ್ಲಿ ಮೂಳೆಯೊಳಗೆ ಕೊರೆದು ರಾಡ್ ಹಾಕಿದರೆ ಶ್ವಾಸಕೋಶಕ್ಕೆ ಪೆಟ್ಟು ಬೀಳಬಹುದು.

ಐಸಿಯುನಲ್ಲಿ ಬಿಸಿಗಾಳಿಯ ಹೊದಿಕೆ, ಬೆಚ್ಚಗೆ ಮಾಡಿದ ರಕ್ತ. ಬಾಟಲಿ ಮೇಲೆ ಬಾಟಲಿ ಸಲೈನ್ ಏರಿಸಿದರೆ ರಕ್ತ ಇನ್ನಷ್ಟು ತೆಳ್ಳಗಾಗುತ್ತದೆ. ಕೆಂಪುಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಸರಿಸಮ ಕೊಡುವುದೇ ಒಳ್ಳೆಯದು. ರಕ್ತದ ಚೀಲದಲ್ಲಿ ಹೆಪ್ಪುಗಟ್ಟದಂತೆ ಹಾಕಿರುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹೀರುವುದರಿಂದ ಅದನ್ನೂ ಆಗಾಗ ನೋಡಿ ತುಂಬಬೇಕು. ಹೆಪ್ಪು ಕರಗದಂತೆ ತಡೆಯುವ ಔಷಧ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ 10 ನಿಮಿಷದಲ್ಲಿ, ಮತ್ತೆ 1 ಗ್ರಾಂ 8 ಗಂಟೆಗಳಲ್ಲಿ. ಮೊದಲ ಡೋಸ್ ಗಾಯವಾದ 3 ಗಂಟೆಯೊಳಗೆ ಹೋಗಿರಬೇಕು, ತಡವಾದರೆ ಹಾನಿಯೇ ಹೆಚ್ಚು.

ಸಾಮಾನ್ಯವಾಗಿ 24ರಿಂದ 72 ಗಂಟೆಯೊಳಗೆ ಎರಡನೇ ಆಪರೇಷನ್. ಮಾಪ್ ಬೇಗ ತೆಗೆದರೆ ಮತ್ತೆ ರಕ್ತ, ತಡವಾದರೆ ಸೋಂಕು. ಮಾಪನ್ನು ಸಲೈನಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬೇಕು, ಒಣಗಿದ್ದನ್ನು ಎಳೆದರೆ ಹೆಪ್ಪೂ ಕಿತ್ತುಬರುತ್ತದೆ.

ಎಲ್ಲ ಗಾಯಾಳುಗಳಿಗೂ ಹೀಗೆ ಮಾಡುವುದು ತಪ್ಪು. ತೆರೆದ ಹೊಟ್ಟೆಗೆ ಕರುಳು ಸೋರುವ, ಮುಂದೆ ಹರ್ನಿಯಾ ಆಗುವ ಅಪಾಯವಿದೆ. ನೀವು ಕೇಳಬೇಕಾದ್ದು ಒಂದು: ಎಷ್ಟು ಮಾಪ್ ಇಟ್ಟಿದ್ದಾರೆಂದು ಕೇಸ್‌ಶೀಟ್‌ನಲ್ಲಿ ಬರೆದಿದೆಯೇ? ಹೊಟ್ಟೆ ಮುಚ್ಚುವಾಗ ಆ ಲೆಕ್ಕ ತಾಳೆಯಾಗಬೇಕು, ಜೊತೆಗೊಂದು ಎಕ್ಸ್‌ರೇ ಕೂಡ; ಮಾಪ್‌ನೊಳಗಿನ ಎಳೆ ಅದರಲ್ಲಿ ಬಿಳಿಯಾಗಿ ಕಾಣುತ್ತದೆ.