ಬರವಣಿಗೆ ಕಲಿಸುವ ಹೊಣೆ ಯಾರದು? – ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೆ,

ವಿಜ್ಞಾನದ ಅಧ್ಯಾಪಕರೂ ಬರವಣಿಗೆ ಕಲಿಸಬೇಕೆಂದು ಕಳೆದ ಸಂಚಿಕೆಯಲ್ಲಿ ನಾವು ಬರೆದದ್ದಕ್ಕೆ ರಾಣೆಬೆನ್ನೂರಿನಿಂದ ನೀವು ಕಳಿಸಿರುವ ಪತ್ರದಲ್ಲಿ ಎರಡು ಆಕ್ಷೇಪಗಳಿವೆ. ಬರಹ ತಿದ್ದುವುದು ಭಾಷಾ ಅಧ್ಯಾಪಕರ ಕೆಲಸ, ಈಗಾಗಲೇ ಹೊರೆ ಹೆಚ್ಚಿರುವ ರಸಾಯನಶಾಸ್ತ್ರದವರ ತಲೆಗೆ ಅದನ್ನು ಕಟ್ಟುವುದು ಸರಿಯಲ್ಲ ಎಂದಿದ್ದೀರಿ. ಧಾರವಾಡದಲ್ಲಿ ಬಿ.ಎಸ್ಸಿ. ಸೇರಿದ ನಿಮ್ಮ ಮಗಳಿಗೆ ಮೊದಲ ವಾರವೇ ಗ್ರಂಥಾಲಯ ತೋರಿಸಿದರೂ ಒಂದು ಕಾರ್ಡಿನ ಹೊರತು ಏನೂ ದಕ್ಕಲಿಲ್ಲ, ಇಂಥ ಕಾರ್ಯಕ್ರಮಗಳಿಂದ ಏನು ಪ್ರಯೋಜನ ಎಂದೂ ಕೇಳಿದ್ದೀರಿ.

ವಾಕ್ಯದ ತಪ್ಪನ್ನು ಭಾಷಾ ಅಧ್ಯಾಪಕರು ತಿದ್ದಬಲ್ಲರು. ಆದರೆ ಟೈಟ್ರೇಷನ್ನಿನಲ್ಲಿ (ದ್ರಾವಣದ ಸಾಂದ್ರತೆ ಅಳೆಯುವ ಪ್ರಯೋಗದಲ್ಲಿ) ಒಂದು ರೀಡಿಂಗ್ ಉಳಿದವುಗಳಿಗೆ ಹೊಂದದೆ ಬಂದಾಗ ಅದನ್ನು ಕೈಬಿಡಲು ಎಂಥ ಕಾರಣ ಸಾಕು, ಕೈಬಿಟ್ಟದ್ದನ್ನು ಜರ್ನಲ್ಲಿನಲ್ಲಿ, ಅಂದರೆ ಪ್ರಯೋಗಗಳ ದಾಖಲೆ ಪುಸ್ತಕದಲ್ಲಿ, ಹೇಗೆ ನಮೂದಿಸಬೇಕು ಎಂಬುದನ್ನು ರಸಾಯನಶಾಸ್ತ್ರದವರೇ ಹೇಳಬೇಕು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಬಸದಿ ಕಟ್ಟಿಸಿದಳೆಂದು 1007ರ ಶಾಸನ ಹೇಳುತ್ತದೆ; ಅದರ ಆಧಾರದ ಮೇಲೆ ಆ ಕಾಲದ ಹೆಂಗಸರೆಲ್ಲರಿಗೂ ಆಸ್ತಿಯ ಹಕ್ಕಿತ್ತೆಂದು ವಿದ್ಯಾರ್ಥಿಯೊಬ್ಬ ಬರೆದರೆ, ಶಾಸನದ ಮಾತು ಎಲ್ಲಿ ಮುಗಿಯಿತು, ಅವನ ಊಹೆ ಎಲ್ಲಿ ಶುರುವಾಯಿತು ಎಂದು ತೋರಿಸಿಕೊಡುವುದು ಇತಿಹಾಸದ ಅಧ್ಯಾಪಕರ ಪಾಠವೇ ಆಗಿದೆ. ಹುಬ್ಬಳ್ಳಿಯಲ್ಲಿ ಕಾನೂನು ಓದುವವರು ತೀರ್ಪಿನ ನಿರ್ಣಾಯಕ ಕಾರಣವನ್ನು ನ್ಯಾಯಾಧೀಶರ ಪ್ರಾಸಂಗಿಕ ಮಾತುಗಳಿಂದ ಬಿಡಿಸಿ ಬರೆಯಲು ಕಲಿಯುವುದೂ ಹೀಗೆಯೇ. ಇವನ್ನು ವ್ಯಾಕರಣದ ತಪ್ಪುಗಳೆಂದು ಕನ್ನಡ ಅಥವಾ ಇಂಗ್ಲಿಷ್ ವಿಭಾಗಕ್ಕೆ ಸಾಗಹಾಕಲು ಬರುವುದಿಲ್ಲ.

ಈ ವಿಚಾರ ನಮ್ಮದೇನಲ್ಲ. 1970ರ ಸುಮಾರಿಗೆ ಅಮೆರಿಕದ ಅಯೋವಾ ರಾಜ್ಯದ ಸೆಂಟ್ರಲ್ ಕಾಲೇಜಿನಲ್ಲಿ ಬೇರೆ ಬೇರೆ ವಿಷಯಗಳ ಅಧ್ಯಾಪಕರು ಒಟ್ಟಿಗೆ ಕುಳಿತು ವಿದ್ಯಾರ್ಥಿಗಳ ಬರಹವನ್ನು ಚರ್ಚಿಸತೊಡಗಿದರು. ಆ ದಶಕದಲ್ಲಿ ಅಲ್ಲಿನ ಹಲವು ಕಾಲೇಜುಗಳಿಗೆ ಈ ಪದ್ಧತಿ ಹಬ್ಬಿತು. ಇಂಗ್ಲೆಂಡಿನಲ್ಲಿ ಶಿಕ್ಷಣತಜ್ಞ ಜೇಮ್ಸ್ ಬ್ರಿಟನ್ ಮತ್ತು ಸಂಗಡಿಗರು ಶಾಲಾ ಮಕ್ಕಳ ಬರಹಗಳನ್ನು ರಾಶಿ ಹಾಕಿಕೊಂಡು ಪರಿಶೀಲಿಸಿ 1975ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವುಗಳಲ್ಲಿ ದೊಡ್ಡ ಪಾಲು ಪರೀಕ್ಷಕರಾಗಿ ಓದುವ ಅಧ್ಯಾಪಕರಿಗೆಂದೇ ಬರೆದದ್ದು. ಬರೆಯುತ್ತ ತಾವೇ ವಿಷಯವನ್ನು ಬಿಡಿಸಿಕೊಳ್ಳುವ ಬರಹ ತೀರ ಕಡಿಮೆ. ನಮ್ಮ ಜರ್ನಲ್ಲುಗಳ ಕಥೆಯೂ ಬೇರೆಯಲ್ಲ. ಸೀನಿಯರುಗಳ ಜರ್ನಲ್ ತಂದು ಅಂದವಾಗಿ ನಕಲಿಳಿಸಿ, ಪ್ರಾಕ್ಟಿಕಲ್ ಪರೀಕ್ಷೆಗೆ ಮುಂಚೆ ಸಹಿ ಮಾಡಿಸಿದರೆ ಕೆಲಸ ಮುಗಿಯಿತು. ಅಕ್ಷರ ದುಂಡಗಿದ್ದರೆ ಎರಡು ಅಂಕ ಹೆಚ್ಚೇ ಬಂದೀತು!

ಅಧ್ಯಾಪಕರ ಹೊರೆಯ ಬಗ್ಗೆ ನೀವು ಬರೆದದ್ದು ಮಾತ್ರ ತಳ್ಳಿಹಾಕುವಂಥದ್ದಲ್ಲ. ತುಂಬಿದ ತರಗತಿ, ಪಾಠದ ಅವಧಿಗಳಿಗಷ್ಟೇ ಲೆಕ್ಕ ಹಾಕಿಸಿಕೊಳ್ಳುವ ಅತಿಥಿ ಉಪನ್ಯಾಸಕರು, ತಿದ್ದಲು ಕೂರುವ ಸಮಯಕ್ಕೆ ಯಾವ ಗಣನೆಯೂ ಇಲ್ಲ. ಆದ್ದರಿಂದಲೇ ಎಲ್ಲ ಜರ್ನಲ್ಲುಗಳನ್ನೂ ಸಾಲುಸಾಲಾಗಿ ತಿದ್ದಬೇಕೆಂದು ನಾವು ಕೇಳುತ್ತಿಲ್ಲ. ಸೆಮಿಸ್ಟರಿಗೆ ಒಂದೇ ಪ್ರಯೋಗವನ್ನು ಆರಿಸಿ, ‘ಈ ಫಲಿತಾಂಶವನ್ನು ಎಷ್ಟರಮಟ್ಟಿಗೆ ನಂಬಬಹುದು, ಏಕೆ?’ ಎಂಬ ಪ್ರಶ್ನೆಗೆ ಅರ್ಧ ಪುಟ ಬರೆಯಿಸಿ, ಎರಡು ಮೂರು ಉತ್ತರಗಳನ್ನು ತರಗತಿಯಲ್ಲೇ ಓದಿ ಚರ್ಚಿಸಿದರೂ ಸಾಕಷ್ಟಾಯಿತು. ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಕರಡನ್ನು ಕನ್ನಡದಲ್ಲೇ ಬರೆಯಲಿ. ಯೋಚನೆ ನೆಟ್ಟಗಾದ ಮೇಲೆ ಇಂಗ್ಲಿಷಿನ ವಾಕ್ಯ ತಿದ್ದುವುದು ಅಷ್ಟು ಕಷ್ಟವಲ್ಲ, ಮತ್ತು ಆ ಹಂತದಲ್ಲಿ ಭಾಷಾ ಅಧ್ಯಾಪಕರ ನೆರವು ನಿಜಕ್ಕೂ ಬೇಕು.

ಕಲಿಸುವುದನ್ನು ವಿಷಯದ ಬರಹದಿಂದ ಬೇರ್ಪಡಿಸಿರುವುದೇ ಗ್ರಂಥಾಲಯದ ಕಾರ್ಯಕ್ರಮ ನಿಷ್ಫಲವಾಗುವುದಕ್ಕೂ ಕಾರಣ. ಹೊಸ ಓದುಗರಿಗೆ ಗ್ರಂಥಾಲಯದ ಬಳಕೆ ಕಲಿಸುವುದನ್ನು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಗ್ರಂಥಪಾಲಕರ ಪರಾಮರ್ಶನ ಸೇವೆಯ (ಓದುಗರಿಗೆ ಬೇಕಾದದ್ದನ್ನು ಹುಡುಕಿಕೊಳ್ಳಲು ನೆರವಾಗುವ ಕೆಲಸದ) ಭಾಗವೆಂದೇ ಎಣಿಸಿದ್ದರು. ನಮ್ಮಲ್ಲಿ ಅದು ಕಪಾಟುಗಳ ನಡುವೆ ಒಂದು ಸುತ್ತು ಹಾಕಿಸಿ, ನಿಯಮ ಓದಿ ಹೇಳಿ, ಕಾರ್ಡು ಕೊಡುವುದಕ್ಕೆ ಇಳಿದಿದೆ. ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸಂಖ್ಯೆ ಇದೆಯೆಂದು ಮೊದಲ ವಾರ ಹೇಳಿದರೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. (ಇಂಗ್ಲಿಷ್ ಸಾಹಿತ್ಯಕ್ಕೆ 820, ನಮಗೆ ಇಷ್ಟುದ್ದದ ಸಂಖ್ಯೆ ಏಕೆಂದು ಡ್ಯೂಯಿಯನ್ನೇ ಕೇಳಬೇಕು.) ಹುಡುಕಲೇಬೇಕಾದ ವಿಷಯವೊಂದು ಕೈಯಲ್ಲಿದ್ದಾಗ, ಅಂದರೆ ಮೊದಲ ನಿಯೋಜಿತ ಬರಹ ಕೊಟ್ಟ ವಾರದಲ್ಲಿ, ಅಧ್ಯಾಪಕರೂ ಗ್ರಂಥಪಾಲಕರೂ ಕೂಡಿ ಒಂದು ಗಂಟೆ ನಡೆಸಿದರೆ ಅದೇ ಮಾಹಿತಿ ಉಪಯೋಗಕ್ಕೆ ಬರುತ್ತದೆ.

ಆರಂಭದಲ್ಲೇ ಕಲಿಸಬೇಕಾದದ್ದನ್ನು ನಮ್ಮ ವ್ಯವಸ್ಥೆ ತಲೆಕೆಳಗು ಮಾಡಿ ಕೊನೆಗಿಟ್ಟಿದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಕೃತಿಚೌರ್ಯ ತಡೆಯುವ ನಿಯಮ ತಂದು, ಬೇರೆಯವರ ಬರಹದೊಂದಿಗೆ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ ಎಂದಿತು. 2019ರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆಯ ಎರಡು ಕ್ರೆಡಿಟ್ಟಿನ ಕೋರ್ಸನ್ನು ಪಿಎಚ್.ಡಿ.ಗೆ ಸೇರಿದವರಿಗೆ ಕಡ್ಡಾಯ ಮಾಡಿತು. ಮೊದಲ ಸೆಮಿಸ್ಟರಿನ ಜರ್ನಲ್ಲಿನಲ್ಲೇ ಬೇರೂರಿದ ನಕಲಿನ ಅಭ್ಯಾಸವನ್ನು ಅಷ್ಟು ವರ್ಷಗಳ ನಂತರ ಎರಡು ಕ್ರೆಡಿಟ್ಟಿನಿಂದ ಕೀಳಲು ಹೊರಡುವುದು ತಡವಾಯಿತೆಂದೇ ನಮ್ಮ ಅಭಿಪ್ರಾಯ.

ನಿಮ್ಮ ಮಗಳು ವ್ಯವಸ್ಥೆ ಬದಲಾಗುವವರೆಗೆ ಕಾಯಬೇಕಿಲ್ಲ. ಈ ಸೆಮಿಸ್ಟರಿನ ಒಂದು ಪ್ರಯೋಗದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡು, ಗಡಿಬಿಡಿಯಿಲ್ಲದ ಮಧ್ಯಾಹ್ನ ಗ್ರಂಥಪಾಲಕರ ಬಳಿ ಹೋಗಿ, ಇದಕ್ಕೆ ಎಲ್ಲಿ ಹುಡುಕಲಿ ಎಂದು ಕೇಳಲಿ. ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆಗಳನ್ನು ಒದಗಿಸುವ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಯೋಜನೆಯ ಸದಸ್ಯತ್ವವನ್ನು ಕಾಲೇಜು ಪಡೆದಿದ್ದರೆ ವಿದ್ಯಾರ್ಥಿಗಳಿಗೂ ಲಾಗಿನ್ ಮಾಡಿಸಿಕೊಡಲು ಬರುತ್ತದೆ. ಅದನ್ನು ಅಂದೇ ಕೇಳಿ ಪಡೆಯಲಿ.

– ಸಂಪಾದಕ